ಮಗ್ಗ ನಿಂತರೆ ಓಡುವ ಹುಡುಗಿ

ಮೊನ್ನೆ ರವಿವಾರ ಮಧ್ಯಾಹ್ನ ನಮ್ಮ ಓಣಿಯಲ್ಲಿ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ದೀಪ ಆರಿದ್ದು ಯಾರ ಗಮನಕ್ಕೂ ಬರುವುದಿಲ್ಲ, ಸಪ್ಪಳ ಆರಿದ್ದು ಬರುತ್ತದೆ. ಮಾತಾಡುತ್ತಿದ್ದವರು ತಮ್ಮ ದನಿ ತಮಗೇ ಕೇಳಿ ಗಾಬರಿಯಾಗುತ್ತಾರೆ. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಅಷ್ಟೂ ಪವರ್‌ಲೂಮು ಗಪ್ಪನೆ ನಿಂತದ್ದೇ ತಡ, ಮೊರ ಅಲ್ಲೇ ಬಿಟ್ಟು ಎದ್ದು ಎರಡು ಹೆಜ್ಜೆ ಓಡಿಯೂ ಬಿಟ್ಟೆ. ಮೂರನೆಯ ಹೆಜ್ಜೆಗೆ ಮೊಣಕಾಲು ‘ಎಲ್ಲಿಗಬೇ ಮುದುಕಿ?’ ಎಂದು ಕೇಳಿತು. 

ಕಟ್ಟೆಯ ಮೇಲೆ ಕೂತು ಸಾಲಿ ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದ ಮೊಮ್ಮಗಳು ಭಾಗ್ಯಾ ನಕ್ಕಳು. “ಆಯಿ, ಕರೆಂಟ್ ಹೋದಾಗೊಮ್ಮೆ ನೀ ಯಾಕ ಹಿಂಗ ಜಿಗದ ಏಳ್ತಿ? ಯಾರರ ಕರದಂಗ?”

ಕರೆದ ಹಾಗೇ ಸರಿ. ಆದರೆ ಆ ಮಾತಿಗೆ ಹೋಗುವ ಮೊದಲು ನಿಮಗೊಂದು ಸುದ್ದಿ ಹೇಳಬೇಕು. ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ನನ್ನ ಮೊಮ್ಮಗಳು ಅಕ್ಕೋರಾಗಿದ್ದಾಳೆ! ಚಿಮ್ಮಡದ ಸರಕಾರಿ ಸಾಲಿಯಲ್ಲಿ, ಖುರ್ಚಿ ಮೇಜು ಇಟ್ಟುಕೊಂಡು, ಮಕ್ಕಳಿಂದ ‘ನಮಸ್ಕಾರ್ರೀ ಟೀಚರ್’ ಅನ್ನಿಸಿಕೊಳ್ಳುವ ಖರೇ ಖರೇ ಅಕ್ಕೋರು. ಈ ಸುದ್ದಿಯನ್ನು ನಾನು ಹಾಲಿನವನಿಗೆ ಹೇಳಿದೆ, ಬಳೆಗಾರ್ತಿಗೆ ಹೇಳಿದೆ, ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವನು ಟಿಕೀಟು ಹರಿಯುತ್ತ, “ಆಯಿ, ಹೋದ ವಾರಾನೂ ಹೇಳೀರಿ” ಅಂದ. “ಈ ವಾರಾನೂ ಅಕ್ಕೋರ ಅದಾಳಪಾ” ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ನಗಲಿ. ಸಂತೋಷ ಅನ್ನುವುದು ಒಲೆಯ ಮೇಲಿನ ಹಾಲು, ಉಕ್ಕಿದರೆ ನಾನೇನು ಮಾಡಲಿ?

ಈಗ ಆ ಓಟದ ಮಾತು.

ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ಆಗ ನಮ್ಮ ಓಣಿಯಲ್ಲಿ ಇದ್ದವೆಲ್ಲ ಕೈಮಗ್ಗ. ಮನೆಯ ಪಡಸಾಲೆಯಲ್ಲಿ ಒಂದು ಕುಣಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಸೀರೆ ನೇಯುತ್ತಿದ್ದ. ಬಲಗೈಯಿಂದ ಹಗ್ಗ ಜಗ್ಗಿದರೆ ಲಾಳಿ ಈಚೆಯಿಂದ ಆಚೆಗೆ ಓಡುವುದು, ಆಚೆಯಿಂದ ಈಚೆಗೆ ಬರುವುದು. ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಸಣ್ಣ ಕಂಡಿಕೆ. ನೋಡುನೋಡುವುದರೊಳಗೆ ಅದು ತೀರುತ್ತದೆ, ಇನ್ನೊಂದು ಹಾಕಬೇಕು. ನೇಯುವವನು ಒಬ್ಬನಾದರೆ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತಿ ಕೊಡುವವರು ಇನ್ನೊಬ್ಬರು ಬೇಕೇ ಬೇಕು. ಮಗ್ಗ ಗಂಡಸಿನದು, ರಾಟಿ ಹೆಂಗಸಿನದು ಎನ್ನುವುದು ನಮ್ಮ ಮನೆಗಳ ಲೆಕ್ಕ.

ನಮ್ಮ ಮನೆಯಲ್ಲಿ ಆ ಲೆಕ್ಕ ತಪ್ಪಿತ್ತು. ತಮ್ಮ ಹುಟ್ಟಿದ ಮೇಲೆ ಅವ್ವನ ಬಲಗಡೆ ಸೋತುಹೋಗಿತ್ತು. ಮಾತು, ನಗು, ಜೋರು ಎಲ್ಲ ಮೊದಲಿನಂತೆಯೇ ಇತ್ತು, ಕೈ ಮಾತ್ರ ಏಳುತ್ತಿರಲಿಲ್ಲ. ಹಾಗಾಗಿ ರಾಟಿ ನನ್ನ ಪಾಲಿಗೆ ಬಂತು. ಮುಂಜಾನೆ ಎದ್ದು ಕೈಲಾದಷ್ಟು ಕಂಡಿಕೆ ಸುತ್ತಿ, ಬುಟ್ಟಿಯಲ್ಲಿಟ್ಟು, ರೊಟ್ಟಿ ಸುಟ್ಟು, ತಮ್ಮನನ್ನು ಅವ್ವನ ಎಡಗೈ ಕಡೆ ಮಲಗಿಸಿ ಸಾಲಿಗೆ ಓಡುತ್ತಿದ್ದೆ. ಎಷ್ಟು ಸುತ್ತಿದರೂ ಅವು ಸಂಜೆಯ ತನಕ ಸಾಲುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಬುಟ್ಟಿ ಬರಿದು. ಮಗ್ಗ ನಿಂತಿತೆಂದರೆ ಪ್ಯಾಟಿಯ ದಿನಕ್ಕೆ ಸೀರೆ ಇಳಿಯುವುದಿಲ್ಲ. ಸೀರೆ ಇಳಿಯದಿದ್ದರೆ ಒಲೆಯ ಮೇಲೆ ಏನೂ ಏರುವುದಿಲ್ಲ.

ಸಾಲಿ ನಮ್ಮ ಓಣಿಯ ತುದಿಯಲ್ಲೇ ಇತ್ತು. ನಾನು ಕಿಟಕಿಯ ಬುಡದಲ್ಲಿ ಜಾಗ ಹಿಡಿಯುತ್ತಿದ್ದೆ. ಕಣ್ಣು ಮಾಸ್ತರರ ಮೇಲೆ, ಕಿವಿ ಅಪ್ಪನ ಮಗ್ಗದ ಮೇಲೆ. ಓಣಿಯ ಅಷ್ಟೂ ಮಗ್ಗಗಳ ನಡುವೆ ಅಪ್ಪನ ಮಗ್ಗ ನನಗೆ ಬೇರೆಯಾಗಿ ಕೇಳುತ್ತಿತ್ತು. ಅದು ನಿಂತದ್ದೇ ತಡ, ನಾನು ಎದ್ದು ಓಟ. ಕೇಳುವುದಿಲ್ಲ, ಹೇಳುವುದಿಲ್ಲ. ಮನೆಗೆ ಹೋಗಿ ನಾಕಾರು ಕಂಡಿಕೆ ಸುತ್ತಿ ಕೊಟ್ಟು ತಿರುಗಿ ಬರುವುದರೊಳಗೆ ಪಾಠ ಮುಗಿದಿರುತ್ತಿತ್ತು. ಹೀಗಾಗಿ ನನಗೆ ಎಲ್ಲ ಕತೆಗಳೂ ಅರ್ಧರ್ಧ ಗೊತ್ತಿದ್ದವು. ಹೊಳೆ ದಾಟಲು ಹೊರಟ ಒಬ್ಬ ಮುದುಕಿಯ ಪಾಠ ಇತ್ತು. ಅವಳು ಸೊಂಟಮಟ ನೀರಿಗೆ ಇಳಿದಾಗ ನಾನು ಎದ್ದು ಹೋದವಳು. ನನ್ನ ಪಾಲಿಗೆ ಆ ಮುದುಕಿ ಬಹಳ ದಿನ ನಡುನೀರಿನಲ್ಲೇ ನಿಂತಿದ್ದಳು. ರಾಟಿ ತಿರುವುವಾಗೊಮ್ಮೆ ಅವಳ ನೆನಪಾಗಿ ನನಗೇ ಚಳಿಯಾಗುತ್ತಿತ್ತು.

ಮಾಸ್ತರರು ಜಮಖಂಡಿಯವರು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ. ಕರೀ ಟೊಪ್ಪಿಗೆ, ಕಚ್ಚೆ ಧೋತರ, ಮೂಗಿನ ತುದಿಗೆ ಚಾಳೀಸು. ಸಂಸ್ಥಾನದ ಅರಮನೆಯ ಕಡೆಯ ಶಾಂತ ಓಣಿಯಲ್ಲಿ ಬೆಳೆದ ಮನುಷ್ಯ. ನಮ್ಮ ಊರಿನ ಟಕಟಕ ಸಪ್ಪಳಕ್ಕೆ ಅವರ ತಲೆ ಸಿಡಿದು ಹೋಗುತ್ತಿತ್ತಂತೆ. ಅದಕ್ಕೇ ಎರಡೂ ಕಿವಿಗೆ ಅರಳೆ ತುರುಕಿಕೊಂಡು ಪಾಠ ಹೇಳುತ್ತಿದ್ದರು. ಅರಳೆಯಿಂದಾಗಿ ತಮ್ಮ ದನಿ ತಮಗೆ ಕೇಳದೆ ಒದರುತ್ತಿದ್ದರು. ನಾವೋ ನೇಕಾರರ ಮಕ್ಕಳು, ಮಗ್ಗದ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ಹುಟ್ಟಾ ಒದರುಬುರುಕರು. ಅವರು ಒದರಿ ಕೇಳುವುದು, ನಾವು ಒದರಿ ಹೇಳುವುದು. ಹಾದಿಯಲ್ಲಿ ಹೋಗುವವರು ಸಾಲಿಯೊಳಗೆ ಜಗಳ ಹತ್ತಿದೆ ಎಂದು ಇಣುಕಿ ನೋಡುತ್ತಿದ್ದರು.

ನನ್ನ ಓಟ ಅವರ ಕಣ್ಣಿಗೆ ಬೀಳದೆ ಇದ್ದೀತೇ? ಮೊದಮೊದಲು ಬೈದರು. ಆಮೇಲೆ ಮೊಣಕಾಲ ಮೇಲೆ ನಿಲ್ಲಿಸಿದರು. ಹಾಗೆ ನಿಂತಲ್ಲಿಂದಲೂ ನಾನು ಓಡಿದೆ.

“ಕಾಯ್ ಗ ಪೋರಿ, ಎಲ್ಲಿಗೆ ಓಡ್ತೀ ನೀನು? ಸಾಲಿ ಅಂದ್ರ ಧರ್ಮಶಾಲಾ ಅಂತ ತಿಳದೀ ಏನು?”

“ಮನಿಗ್ರೀ.”

“ಮನ್ಯಾಗ ಏನದ?”

ಮನೆಯಲ್ಲಿ ಏನಿದೆ ಅಂದರೆ ಏನು ಹೇಳುವುದು? ಅವ್ವ ಇದ್ದಾಳೆ, ತಮ್ಮ ಇದ್ದಾನೆ, ಬೆಕ್ಕು ಇದೆ. ಮಗ್ಗ ನಿಂತರೆ ಓಡಬೇಕು ಎನ್ನುವುದು ನನಗೆ ಹಸಿದರೆ ಉಣ್ಣಬೇಕು ಅಂದಷ್ಟು ಸಾದಾ ಮಾತು. ಅದನ್ನೂ ಬಿಡಿಸಿ ಹೇಳಬೇಕೆಂದು ಹೊಳೆಯಲಿಲ್ಲ. ಸುಮ್ಮನೆ ನಿಂತೆ. ಸುಮ್ಮನೆ ನಿಂತ ಮಕ್ಕಳು ದೊಡ್ಡವರ ಕಣ್ಣಿಗೆ ಯಾವಾಗಲೂ ಮೊಂಡರ ಹಾಗೆ ಕಾಣುತ್ತಾರೆ.

“ಕಿಟಕಿ ಬಾಜೂಕ ಕೂತೇ ಇವಳ ಲಕ್ಷ ಹೊರಗ ಹೋಗ್ತದ” ಎಂದು ಅವರು ನನ್ನನ್ನು ಎಬ್ಬಿಸಿ ತಮ್ಮ ಮೇಜಿನ ಮುಂದೆ ಕೂಡ್ರಿಸಿದರು. ಅವರ ಲೆಕ್ಕದಲ್ಲಿ ಅದು ಉಪಕಾರ. ಆದರೆ ಆ ಜಾಗದಲ್ಲಿ ಹುಡುಗರು ಮಗ್ಗಿ ಹೇಳುವ ಗದ್ದಲ ಬಿಟ್ಟು ನನಗೆ ಏನೂ ಕೇಳದಾಯಿತು. ಅಪ್ಪನ ಮಗ್ಗ ನಡೆದಿದೆಯೋ ನಿಂತಿದೆಯೋ? ಕುತ್ತಿಗೆ ತಿರುವಿ ತಿರುವಿ ನೋವು ಬಂತು. ಕಣ್ಣಿಗೆ ಕಟ್ಟುವ ಬಟ್ಟೆಯನ್ನು ಕಿವಿಗೆ ಕಟ್ಟಿದಂತಾಗಿತ್ತು.

ಸಂಜೆ ಮನೆಗೆ ಬಂದರೆ ಪಡಸಾಲೆ ತಣ್ಣಗಿತ್ತು. ಅಪ್ಪ ಕುಣಿಯಿಂದ ಎದ್ದು ಬಂದು ರಾಟಿಯ ಮುಂದೆ ಕೂತು ತಾನೇ ಕಂಡಿಕೆ ಸುತ್ತುತ್ತಿದ್ದ. ಅವ್ವ ಗೋಡೆಗೆ ಒರಗಿ, ಎಡಗೈಯಿಂದ ನೂಲಿನ ಲಡಿಯ ಎಳೆ ಹಿಡಿದು ಕೊಡಲು ಹೆಣಗುತ್ತಿದ್ದಳು. ನೂಲು ಸಿಕ್ಕುಗಟ್ಟಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ನೂಲಿನ ಸಿಕ್ಕು ಬಿಡಿಸುತ್ತ, ನನ್ನ ಮುಖ ನೋಡದೆ ಅಂದ:

“ನಾಳಿಂದ ಸಾಲಿ ಬ್ಯಾಡ ಬಿಡ ಯವ್ವಾ. ಆಗೂದಲ್ಲ ಇದು.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಮರುದಿನ ಪಾಟಿಯನ್ನು ಗೂಡಿನಲ್ಲಿಟ್ಟು ರಾಟಿಯ ಮುಂದೆ ಕೂತೆ. ದುಃಖ ಅಂದರೆ ಏನು ದುಃಖ! ನಾಲ್ಕನೆಯ ಇಯತ್ತೆ ಪಾಸಾಗಬೇಕು, ಪುಸ್ತಕ ಹಿಡಿದು ಯಾರ ಹಂಗಿಲ್ಲದೆ ಓದಬೇಕು ಎನ್ನುವುದು ನನ್ನ ಆಸೆ. ನಮ್ಮ ವಂಶದಲ್ಲಿ ಅಕ್ಷರ ಬಲ್ಲ ಹೆಣ್ಣು ಒಬ್ಬಳೂ ಇರಲಿಲ್ಲ. ಅದೂ ಹೋಗಲಿ, ಆ ಮುದುಕಿಯನ್ನು ನೀರಿನಿಂದ ಹೊರಗೆ ತರುವವರು ಯಾರು?

ಆಗಿನ ಕಾಲಕ್ಕೆ ಸಾಲಿ ತಪ್ಪಿಸಿದವರನ್ನು ಹಿಡಿದು ತರಲು ಮಾಸ್ತರರು ದೊಡ್ಡ ಹುಡುಗರ ದಂಡು ಕಳಿಸುತ್ತಿದ್ದರು. ಕೈಕಾಲು ಹಿಡಿದು ಹೆಣ ಎತ್ತಿದಂತೆ ಎತ್ತಿಕೊಂಡು ಹೋಗುತ್ತಿದ್ದರು. ನನ್ನ ಸಲುವಾಗಿ ಆ ದಂಡು ಬರಲಿಲ್ಲ. ಎರಡು ಮೂರು ದಿನ ನೋಡಿ ಮಾಸ್ತರರು ತಾವೇ ಬಂದರು. ದಂಡು ಯಾಕೆ ಕಳಿಸಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಓಡುವ ಹುಡುಗಿ ದಿನಾ ತಿರುಗಿ ಬರುತ್ತಿದ್ದಳಲ್ಲ, ಸಾಲಿ ಬ್ಯಾಡಾದವರು ಹಾಗೆ ತಿರುಗಿ ಬರುತ್ತಾರೆಯೇ ಎಂದು ಅವರಿಗೆ ಅನ್ನಿಸಿರಬೇಕು.

ಅವರು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಿರಲಿಲ್ಲ, ನಾನು ಒಳಕೋಣೆಯಲ್ಲಿ ರಾಟಿ ತಿರುವುತ್ತಿದ್ದೆ. ಅಪ್ಪ ಕುಣಿಯೊಳಗಿಂದ ತಲೆ ಎತ್ತಿ ನೋಡಿದವನು, ಮಾಸ್ತರರು ಮನೆಗೆ ಬಂದಾಗ ಮಗ್ಗ ಬಡಿಯುವುದು ಮರ್ಯಾದೆಯಲ್ಲವೆಂದು ಕೈ ತಡೆದ. ಮಗ್ಗ ನಿಂತಿತು.

ನಿಂತದ್ದೇ ತಡ, ನಾನು ಎರಡೂ ಕೈಯಲ್ಲಿ ಕಂಡಿಕೆ ಹಿಡಿದುಕೊಂಡು ಒಳಗಿನಿಂದ ಓಡಿಬಂದೆ. ಬಂದು ನೋಡಿದರೆ ಕರೀ ಟೊಪ್ಪಿಗೆ! ಕಾಲು ಅಲ್ಲೇ ಕಚ್ಚಿಕೊಂಡವು.

ಮಾಸ್ತರರು ನನ್ನನ್ನು ನೋಡಿದರು, ಕೈಯಲ್ಲಿದ್ದ ಕಂಡಿಕೆ ನೋಡಿದರು, ಅಪ್ಪನನ್ನು ನೋಡಿದರು. “ನಿನ್ನ ಯಾರು ಕರದ್ರು?” ಅಂದರು.

“ಯಾರೂ ಇಲ್ರಿ. ಮಗ್ಗ ನಿಂತಲ್ರೀ.”

“ನಿಂತ್ರ?”

“ಕಂಡಕಿ ತೀರ್ಯಾವು ಅಂತರೀ.”

 ಅವರು ಮೆಲ್ಲಗೆ ಎರಡೂ ಕಿವಿಯೊಳಗಿನ ಅರಳೆ ತೆಗೆದು ಧೋತರದ ಸೊಂಟಕ್ಕೆ ಸಿಕ್ಕಿಸಿದರು. “ಸಾಲ್ಯಾಗ ಕೂತಾಗೂ ಇದು ನಿನಗ ಕೇಳಸ್ತದ?”

“ಕಿಟಕಿ ಬಾಜೂಕ ಕುಂತರ ಕೇಳಸ್ತೈತ್ರಿ. ಮುಂದ ಕುಂತರ ಕೇಳಸಂಗಿಲ್ರಿ.”

“ಇಷ್ಟ ಮಗ್ಗ ಬಡೀಲಿಕ್ಕತ್ತಾವ. ಇದರಾಗ ನಿಮ್ಮಪ್ಪಂದು ಯಾವುದು ಅಂತ ಹ್ಯಾಂಗ ತಿಳೀತದ ನಿನಗ?”

“ನೀವು ಓಣ್ಯಾಗ ಕೆಮ್ಮಿದ್ರ ನಮಗ ಗುರ್ತ ಹತ್ತಂಗಿಲ್ಲೇನ್ರಿ? ಹಂಗ.”

ಒಳಗಿನಿಂದ ಅವ್ವ ನಕ್ಕಳು. ಆ ನಗು ಕೇಳಿ ಮಾಸ್ತರರು ಬಾಗಿಲು ದಾಟಿ ಇಣುಕಿ, ಅವಳ ಸೋತ ಕೈ ನೋಡಿದರು, ಎಡಗಡೆ ಮಲಗಿದ್ದ ಕೂಸು ನೋಡಿದರು. ಹೊರಗೆ ಬಂದು ಮಗ್ಗದ ಕುಣಿಯ ದಂಡೆಯ ಮೇಲೆ, ಬಿಳೀ ಧೋತರಕ್ಕೆ ಮಣ್ಣು ಹತ್ತೀತೆಂಬ ಖಬರಿಲ್ಲದೆ ಕೂತುಬಿಟ್ಟರು. ಅಪ್ಪ ಕುಣಿಯಿಂದ ಏಳಬೇಕೋ ಕೂಡ್ರಬೇಕೋ ತಿಳಿಯದೆ ಅರ್ಧ ಎದ್ದು ಅರ್ಧ ಕೂತ.

“ನಾ ಹುಡುಗಿ ಮೊಂಡ ಅಂತ ತಿಳದಿದ್ದೆ” ಎಂದರು ಮಾಸ್ತರರು. “ಸಾಲಿ ಬಿಡಸಬ್ಯಾಡ್ರಿ.”

“ಬಿಡಸೂ ಮನಸ ಯಾರಿಗೈತ್ರೀ ಮಾಸ್ತರ? ರಾಟಿಗೆ ಕೈ ಬೇಕಲ್ರಿ” ಅಂದ ಅಪ್ಪ.

ಆಗ ಸಾಲಿಯಲ್ಲಿ ತಕಲಿಯ ತಾಸು ಅಂತ ಒಂದಿತ್ತು. ಮಕ್ಕಳೆಲ್ಲ ತಕಲಿ ಹಿಡಿದು ಅರಳೆಯಿಂದ ನೂಲು ತೆಗೆಯಬೇಕು, ಸರಕಾರದ ಹುಕುಂ. ದಿನಾ ಮನೆಯಲ್ಲಿ ನೂಲಿನ ನಡುವೆಯೇ ಹೊರಳಾಡುವ ನೇಕಾರರ ಮಕ್ಕಳಿಗೆ ಸಾಲಿಯಲ್ಲಿ ಕೂಡ್ರಿಸಿ ನೂಲು ಕಲಿಸುವುದು! ಮಾಸ್ತರರು ಗಲ್ಲ ತುರಿಸಿಕೊಂಡು ಅಂದರು: “ಆ ತಾಸಿನ್ಯಾಗ ಇವಳು ತಕಲಿ ಬಿಟ್ಟು ರಾಟಿ ತಿರುವಲಿ. ನೂಲು ನೂಲೇ ಅಲ್ಲೇನು? ರಾಟಿ ಸಾಲಿಗೆ ಬರಲಿ.”

ಮರುದಿನ ಅಪ್ಪ ರಾಟಿಯನ್ನು ಹೆಗಲ ಮೇಲೆ ಹೊತ್ತು ಓಣಿಯ ತುಂಬ ನಡೆದ. ಕಟ್ಟೆಯ ಮೇಲೆ ಕೂತವರು, “ಏನಪಾ, ಮಗಳನ್ನ ಸಾಲಿಗೆ ಹಾಕೀಯೋ, ಗಂಡನ ಮನಿಗಿ ಕಳಸಾಕತ್ತೀಯೋ? ಸಾಮಾನ ಹೊರಸ್ಕೊಂಡ ಹೊಂಟಾಳ!” ಎಂದು ಚಾಷ್ಟಿ ಮಾಡಿದರು. ಅಪ್ಪ ನಾಚಿ ನಕ್ಕ. ನಾನು ಲಡಿಯ ಗಂಟು ಎದೆಗೆ ಅವಚಿಕೊಂಡು ಹಿಂದೆ ಹಿಂದೆ.

ನನ್ನ ಜಾಗ ತಿರುಗಿ ಕಿಟಕಿಯ ಬುಡಕ್ಕೆ ಬಂತು. ರಾಟಿ ದಿನಾ ಮುಂಜಾನೆ ಅಪ್ಪನ ಹೆಗಲೇರಿ ಸಾಲಿಗೆ ಬರುವುದು, ತಕಲಿಯ ತಾಸು ಮುಗಿದ ಮೇಲೆ ಮನೆಗೆ ತಿರುಗಿ ಹೋಗುವುದು. ತಕಲಿಯ ತಾಸಿನಲ್ಲಿ ಸುತ್ತಿದ ಕಂಡಿಕೆ ನಡುವಿನ ಸೂಟಿಯಲ್ಲಿ ಮನೆಗೆ ಮುಟ್ಟಿಸಿದರೆ ಬಹಳ ಮಟ್ಟಿಗೆ ಸಂಜೆಯ ತನಕ ನಡೆಯುತ್ತಿತ್ತು. ಎಂದಾದರೂ ಮಗ್ಗ ನಿಂತರೆ ನಾನು ಎದ್ದು ಹೋಗಬಹುದು, ಕೇಳುವ ಕಾರಣವಿಲ್ಲ. ಬಿಟ್ಟುಹೋದ ಪಾಠವನ್ನು ಹುಡುಗರು ನನಗೆ ಹೇಳಬೇಕೆಂದು ಮಾಸ್ತರರ ಅಪ್ಪಣೆ. ಮೊದಲು ನಾನು ಆ ಮುದುಕಿಯನ್ನು ಕೇಳಿದೆ. ಒಬ್ಬ ಅವಳು ದೋಣಿ ಹತ್ತಿ ದಾಟಿದಳೆಂದ, ಇನ್ನೊಬ್ಬ ಮೊಸಳೆ ತಿಂದಿತೆಂದ, ಮೂರನೆಯ ಹುಡುಗಿ, ನೀರು ಬಹಳ ಇದೆಯೆಂದು ಮುದುಕಿ ಮನೆಗೆ ಹೋಗಿ ರೊಟ್ಟಿ ಉಂಡು ಮಲಗಿದಳೆಂದಳು. ಮಾಸ್ತರರು ನಕ್ಕು ನಕ್ಕು ಚಾಳೀಸು ಒರೆಸಿಕೊಂಡು, ಆ ಪಾಠವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ದಾಟಿದಳು, ಚಿಂತಿಸಬೇಡಿ.

ಅಂದಿನಿಂದ ಅವರ ಕಿವಿಯಲ್ಲಿ ಅರಳೆ ಕಾಣಲಿಲ್ಲ. ಬದಲಿಗೆ ಒಂದು ಹೊಸ ಆಟ ಹಚ್ಚಿಕೊಂಡರು. ಪಾಠದ ನಡುವೆ ತಟ್ಟನೆ ನಿಂತು, ಬೆರಳೆತ್ತಿ, “ಈಗ ನಿಂತಿದ್ದು ನಿಮ್ಮಪ್ಪಂದು. ಹೌದಲ್ಲ?” ಅನ್ನುವರು. “ಅಲ್ರಿ, ಅದು ಆಚೀ ಮನಿ ಕಾಕಾಂದ್ರೀ” ಎಂದು ನಾನು ಅಂದರೆ, ಆ ಕಾಕಾನ ಮಗ ಎದ್ದು ಕಿಟಕಿಗೆ ಓಡುವನು. ಹಾಗೆ ಓಡುವವರು ನಾನೊಬ್ಬಳೇ ಅಲ್ಲವೆಂದು ಅವರಿಗೆ ತಿಳಿದದ್ದೂ ಆಗಲೇ.

ಪರೀಕ್ಷೆ ಬಂತು. ಜಮಖಂಡಿಯಿಂದ ಒಬ್ಬ ಸಾಹೇಬರು ಬಂದು ಒಬ್ಬೊಬ್ಬರನ್ನೇ ಕರೆದು ಓದಿಸುವವರು. ಅವತ್ತು ತಕಲಿಯ ತಾಸು ಇಲ್ಲ, ನಡುವೆ ಮನೆಗೆ ಹೋಗುವ ಮಾತಿಲ್ಲ. ಎದ್ದು ಹೋದವರು ನಾಪಾಸು. ಮುಂಜಾನೆ ಸುತ್ತಿಟ್ಟ ಕಂಡಿಕೆ ಎಷ್ಟು ಹೊತ್ತು ಬಂದಾವು ಎಂದು ನನಗೆ ಗೊತ್ತಿತ್ತು. ನಿಂತರೆ ಏನು ಮಾಡಲಿ? ನಾನು ಎದ್ದು ಓಡದೆ ಇದ್ದೇನೆಂಬ ಭರವಸೆ ನನಗೇ ಇರಲಿಲ್ಲ, ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ನನ್ನ ಸರದಿ ಕೊನೆಯ ಕಡೆ. ಕೂತೆ, ಕೇಳಿದೆ. ಮಗ್ಗ ನಡೆದೇ ಇತ್ತು. ಹೊತ್ತು ಏರಿತು, ನಡೆದೇ ಇತ್ತು. ಹೊತ್ತು ಇಳಿಯಿತು, ಆಗಲೂ ನಡೆದಿತ್ತು. ನನ್ನ ಹೆಸರು ಕರೆದರು. ಒದರಿ ಓದಿದೆ, ಸಾಹೇಬರು ಹೌಹಾರಿ ಖುರ್ಚಿ ಹಿಂದಕ್ಕೆ ಸರಿಸಿಕೊಂಡರು. ಒಂದು ಅಕ್ಷರಕ್ಕೂ ಎಡವಲಿಲ್ಲ. “ಪಾಸ್” ಅಂದರು.

ಹೊರಗೆ ಬಂದಾಗ ಮಾಸ್ತರರು ಬಾಗಿಲಲ್ಲಿ ನಿಂತು ಓಣಿಯ ಕಡೆ ಕಿವಿಗೊಟ್ಟಿದ್ದರು. ನನ್ನ ತಲೆಯ ಮೇಲೆ ಕೈಯಿಟ್ಟು, “ಲಗೂ ಮನಿಗೆ ಹೋಗು. ನಿಮ್ಮಪ್ಪನ ಮಗ್ಗ ಮಧ್ಯಾಹ್ನದಿಂದ ಹಗುರ ಬಡೀಲಿಕ್ಕತ್ತದ” ಅಂದರು.

ನಾನು ಕೇಳಿಸಿಕೊಂಡೆ. ಖರೆ! ಲಾಳಿ ಓಡುವ ಸಪ್ಪಳ ಬರಿ ಗಡಿಗೆಯಂತೆ ಟೊಳ್ಳಾಗಿತ್ತು. ಅಂಜಿಕೆಯೊಳಗೆ ನನಗೆ ತಿಳಿಯದೆ ಹೋದದ್ದು, ಹಿಂದೊಮ್ಮೆ ಕಿವಿಗೆ ಅರಳೆ ಇಟ್ಟುಕೊಂಡ ಮನುಷ್ಯನಿಗೆ ತಿಳಿದಿತ್ತು.

ಓಡಿ ಮನೆ ಸೇರಿದೆ. ಅಪ್ಪ ಬೆವರು ಸುರಿಸುತ್ತ ಹಗ್ಗ ಜಗ್ಗುತ್ತಿದ್ದ, ಕಾಲು ತುಳಿಯುತ್ತಿದ್ದ. ಲಾಳಿ ಆಚೆಯಿಂದ ಈಚೆಗೆ ಓಡುತ್ತಿತ್ತು. ಅದರ ಹೊಟ್ಟೆಯಲ್ಲಿ ಒಂದೆಳೆ ನೂಲಿಲ್ಲ. ಸೀರೆ ಎಲ್ಲಿಗೆ ನಿಂತಿತ್ತೋ ಅಲ್ಲಿಯೇ ಇತ್ತು.

“ಮಧ್ಯಾಹ್ನಿಂದ ನಿಮ್ಮಪ್ಪ ಗಾಳೀ ನೇಯಾಕತ್ತಾನ” ಎಂದಳು ಅವ್ವ, ನಗುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು.

ಅಪ್ಪ ಕೈ ಬಿಡದೆಯೇ ಕೇಳಿದ: “ಆತೇನು?”

“ಪಾಸ್ ಅಂದ್ರಪಾ.”

ಆಗ ನಿಲ್ಲಿಸಿದ. ಹಣೆ ಒರೆಸಿಕೊಂಡು ಅಂದ: “ನಿಂತರ ನೀ ಓಡಿ ಬರ್ತಿದ್ದಿ ಯವ್ವಾ. ಅದಕ್ಕ ನಿಲ್ಲಸಲಿಲ್ಲ.”

ನಾನು ಕಲಿತದ್ದು ಅಲ್ಲಿಗೇ ಮುಗಿಯಿತು. ಮುಂದಿನ ಸಾಲಿ ದೂರ, ರಾಟಿ ಹತ್ತಿರ. ಅದಕ್ಕೆ ನನಗೆ ಬೇಸರವಿಲ್ಲ. ಆ ನಾಲ್ಕನೆಯ ಇಯತ್ತೆಯ ಅಕ್ಷರದಲ್ಲೇ ನಾನು ಇಷ್ಟನ್ನೂ ಬರೆಯುತ್ತಿರುವುದು. ಒತ್ತು ದೀರ್ಘ ಭಾಗ್ಯಾ ತಿದ್ದುತ್ತಾಳೆ, ಈಗ ಅವಳು ಅಕ್ಕೋರಲ್ಲವೇ?

ಅವತ್ತು ಇದನ್ನೆಲ್ಲ ಭಾಗ್ಯಾಳಿಗೆ ಹೇಳಿ ಮುಗಿಸುವುದರೊಳಗೆ ಕರೆಂಟು ಬಂತು, ಓಣಿ ಮತ್ತೆ ಗದ್ದಲವಾಯಿತು. ಭಾಗ್ಯಾ ನೋಟುಬುಕ್ಕು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಳು. “ನನ್ನ ವರ್ಗದಾಗ ಒಂದು ಹುಡುಗಿ ಐತಿ ಆಯಿ” ಅಂದಳು. “ಇಡೀ ದಿನ ಚೀಲ ಬೆನ್ನಮ್ಯಾಗಿಂದ ಇಳಸಂಗಿಲ್ಲ. ಬರೀವಾಗೂ ಹಾಕ್ಕೊಂಡ ಕುಂದರತೈತಿ. ಇಳಸ ಅಂದ್ರ ಅಳತೈತಿ. ನಾ ಶುಕ್ರವಾರ ಜಬರಿಸೇನಿ.”

ನಾನು ತಿರುಗಿ ಮೊರ ಎತ್ತಿಕೊಂಡೆ. ಒಬ್ಬ ಅಕ್ಕೋರಿಗೆ ನಾನೇನು ಹೇಳಲಿ? ಸೋಮವಾರ ಅವಳು ಯಾವಾಗಿನದಕ್ಕಿಂತ ಮೊದಲಿನ ಬಸ್ಸಿಗೆ ಹೋದಳು. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದಳು:

“ಕುರಿಯವರ ಹುಡುಗಿ ಆಯಿ. ಊರ ಹೊರಗ ಹೊಲದಾಗ ಇಳದಾರ. ಹೋಗಿ ಅವರ ಅವ್ವನ ಕೂಡ ಮಾತಾಡಿ ಬಂದೆ. ಈ ಹೊಲದಾಗ ಮೇವು ತೀರಿದ್ರ ಮುಂದಿನ ಹೊಲ. ಯಾವತ್ತ ಏಳ್ತಾರ ಅಂತ ಅವರಿಗೇ ಗೊತ್ತಿರಂಗಿಲ್ಲ. ಮುತ್ಯಾ ಬಂದು ಸಾಲಿ ಕಿಟಕ್ಯಾಗ ನಿಂತು ಕರದ್ರ ಹುಡುಗಿ ಎದ್ದು ಹೋಗೂದ. ಹಿಂದ ಹುನ್ನೂರಾಗ ಇದ್ದಾಗ ಹಂಗ ಹೋಗೂವಾಗ ಚೀಲ ಸಾಲ್ಯಾಗ ಉಳೀತಂತ. ಮತ್ತ ಸಿಗಲಿಲ್ಲಂತ.”

“ಮುಂದ?”

“ಮುಂದೇನು, ಇಲ್ಲಿಂದ ಎದ್ದಾಗ ಯಾವ ಊರಿಗಿ ಹೊಂಟೀವಿ ಅಂತ ಮುತ್ಯಾ ನನಗ ಹೇಳಿ ಹೋಗಬೇಕು ಅಂತ ಮಾತಾಗೇತಿ. ಅಲ್ಲಿ ಸಾಲಿಗೆ ನಾ ಫೋನ್ ಮಾಡ್ತೀನಿ. ಪಾಠ ಎಲ್ಲೀತನಕ ಆಗೇತಿ ಅಂತ ಹೇಳ್ತೀನಿ.”

 ಮೊಮ್ಮಗಳು ಅಕ್ಕೋರಾದಳೆಂದು ನಾನು ಊರ ತುಂಬ ಸಾರಿದ್ದೆ; ಖರೆ ಹೇಳುತ್ತೇನೆ, ಅದು ನನಗೆ ಗೊತ್ತಾದದ್ದು ಸೋಮವಾರ ಸಂಜೆ. ಆದರೂ ಕೇಳದೆ ಇರಲಾಗಲಿಲ್ಲ.

“ಇವತ್ತ ಚೀಲ ಕೆಳಗ ಇಟ್ಟಳೇನು?”

“ಇಲ್ಲ ಆಯಿ” ಎಂದಳು ಭಾಗ್ಯಾ, ಚಪ್ಪಲಿ ಬಿಡುತ್ತ. “ಇಡು ಅಂತ ನಾನೂ ಅನ್ನಲಿಲ್ಲ.”